ಮೈನಸ್ ಎಂಟಕ್ಕೊಂದು ಲೋಟ ಕಾಫಿ

ನನ್ನ ಸೋದರಮಾವ ಮೈನಸ್ ಎಂಟಕ್ಕೆ ಕಾಫಿ ಕೊಟ್ಟಿದ್ದಾರೆ. ಸ್ಟೀಲ್ ಲೋಟದಲ್ಲಿ, ಸಕ್ಕರೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ! ಕಣ್ಣಾರೆ ಕಂಡಿದ್ದೇನೆ. ನೀವು ನಗುತ್ತೀರಿ ಎಂದು ಗೊತ್ತು, ನಗಿ. ನಾನೂ ನಕ್ಕಿದ್ದೆ. ಅರ್ಧ ಗಂಟೆ ಬಿಟ್ಟು ತಟ್ಟೆ ತೆಗೆದು ನೋಡಿದಾಗ ಲೋಟ ಖಾಲಿಯಾಗಿತ್ತು. ಆಮೇಲೆ ನಗಲಿಲ್ಲ.

ಖಾಲಿಯಾಗಿತ್ತು ಎಂಬುದು ನನ್ನ ನೆನಪು. ಅರ್ಧ ಖಾಲಿಯಾಗಿತ್ತು ಎಂಬುದು ನನ್ನ ಮಗಳ ನೆನಪು. ಅವತ್ತು ನಮ್ಮ ಜೊತೆ ಬಂದೇ ಇರದಿದ್ದ ನನ್ನ ಹೆಂಡತಿಯ ಪ್ರಕಾರ ಆ ಲೋಟಕ್ಕೆ ಕಾಫಿಯನ್ನೇ ಹಾಕಿರಲಿಲ್ಲ. ನಾನು ಬೂದಿಕೋಟೆ ಕಡೆಯ ಒಂದು ಹಳ್ಳಿಯ ಡೇರಿಯಲ್ಲಿ ಕೆಲಸ ಮಾಡುವವನು. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಎಷ್ಟು ನೀರು ಬೆರೆತಿದೆ ಎಂದು ನೋಡುವುದು ನನ್ನ ಕಸುಬು. ಆ ಚಾಳಿ ಹಾಲಿಗೆ ಮಾತ್ರ ನಿಂತಿಲ್ಲ. ನೆನಪುಗಳಿಗೂ, ಅದರಲ್ಲೂ ನನ್ನವೇ ನೆನಪುಗಳಿಗೆ, ಅದನ್ನು ಇಳಿಬಿಟ್ಟು ನೋಡುತ್ತೇನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಎಲ್ಲೆಲ್ಲಿ ವಿಷಯ ತೀರಾ ಚೆಂದವಾಗಿ ಕೂಡಿಕೊಳ್ಳುತ್ತದೋ ಅಲ್ಲಲ್ಲಿ ನನ್ನನ್ನು ಸ್ವಲ್ಪ ಕಮ್ಮಿ ನಂಬಿ.

ಮಾವ ನಮ್ಮಮ್ಮನ ತಮ್ಮ. ಮದುವೆಯಾಗಲಿಲ್ಲ. ಎಪ್ಪತ್ತು ದಾಟಿ ಎಷ್ಟೋ ಆಯಿತು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದರಲ್ಲಿ ಒಬ್ಬರೇ ಇದ್ದಾರೆ. ಎಡಗಡೆ ಮನೆಗೆ ಬೀಗ, ಬಲಗಡೆ ಮನೆಗೆ ಸೂರಿಲ್ಲ. ಹಿಂದುಗಡೆ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದೂ ಸುರಿದೂ ಬೆಳೆದ ಬಿಳೀ ಗುಡ್ಡ ಅದು. ಅದರ ಮೇಲೆ ಮರವಿಲ್ಲ, ಹಕ್ಕಿಯಿಲ್ಲ. ಗಾಳಿ ಬಂದರೆ ಮಾತ್ರ ಮಿಲ್ಲಿನ ಹಿಟ್ಟಿನ ಹಾಗೆ ಧೂಳು ಮೇಲೇಳುತ್ತದೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಎಲ್ಲರೂ ಡ್ಯೂಟಿ ಮುಗಿಸಿ ಮೇಲೆ ಬಂದರು, ಮಾವ ಒಬ್ಬರು ಬರಲಿಲ್ಲ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ತಮಾಷೆಗೆ!

ಅವರ ಡ್ಯೂಟಿ ಬಿಲ್ಲೆ ನೋಡಿಕೊಳ್ಳುವುದು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಕೌಂಟರಿನಲ್ಲಿ ಕೊಡಬೇಕು. ಪಾಳಿ ಮುಗಿದಾಗ ಹಲಗೆಯ ಮೊಳೆಗಳೆಲ್ಲ ತುಂಬಿದ್ದರೆ ಎಲ್ಲರೂ ಮೇಲೆ ಬಂದರು ಎಂದು ಅರ್ಥ. ಒಂದು ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ. ಇಷ್ಟೇ ಲೆಕ್ಕ. ಆದರೆ ಮಾವ ಬಿಲ್ಲೆ ಒಂದನ್ನೇ ನಂಬುತ್ತಿರಲಿಲ್ಲವಂತೆ. “ಮೂತಿ ತೋರ್ಸು” ಎನ್ನುತ್ತಿದ್ದರಂತೆ. ಮಸಿ ಹಿಡಿದ ಮೂತಿಯಾದರೆ “ಒರೆಸ್ಕೊಂಡು ತೋರ್ಸು.” ದಣಿದು ಬಂದವರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತಿದ್ದರು. ಇವರು ಮೂರರಲ್ಲೂ ಕೇಳಿಸಿಕೊಂಡು ಮೂತಿ ನೋಡಿಯೇ ಬಿಡುತ್ತಿದ್ದರು.

ಒಮ್ಮೆ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಕೋಟಿಲಿಂಗದ ಕಡೆ ಹೋಗಿದ್ದೆವು. ವಾಪಸ್ ಹೊರಡುವಾಗ ಮಾವ ವ್ಯಾನು ನಿಲ್ಲಿಸಿಬಿಟ್ಟರು. “ಒಬ್ರು ಕಮ್ಮಿ ಅವ್ರೆ.” ಮೂರು ಸಲ ಎಣಿಸಿದರು, ಮೂರು ಸಲವೂ ಒಬ್ಬರು ಕಮ್ಮಿ! ದಡ್ಡರು ಹೊಳೆ ದಾಟಿದ ಕಥೆ ನಿಮಗೂ ಗೊತ್ತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. “ಮಾವ, ನಿಮ್ಮನ್ನೇ ಎಣಿಸ್ಕೊಂಡಿಲ್ಲ ನೀವು!”

ಮಾವ ನಗಲಿಲ್ಲ. “ನನ್ನ ಎಣಿಸ್ಬ್ಯಾಡ್ರಿ. ನನ್ನ ಒಂದ್ಸಲ ಎಣಿಸಿ ಆಗೋಗೈತೆ” ಎಂದರು. ವ್ಯಾನಿನಲ್ಲಿ ಅದಕ್ಕೂ ನಕ್ಕರು. ಸ್ವಲ್ಪ ಕಮ್ಮಿ ನಕ್ಕರು.

ನಮ್ಮಮ್ಮನಿಗೆ ಮಾತ್ರ ಈ ತಮ್ಮನ ಮೇಲೆ ಸಾಯುವ ತನಕ ಒಂದು ಕೋಪವಿತ್ತು. ನಾನು ಹುಟ್ಟಿದ ದಿನ, ಅದೇ ಗಣಿಯಲ್ಲಿದ್ದ ನಮ್ಮಪ್ಪ ಸುದ್ದಿ ಕೇಳಿ ತಲೆಯ ಮೇಲಿನ ದೀಪದ ಟೋಪಿಯನ್ನೂ ತೆಗೆಯದೆ ಹಳ್ಳಿಗೆ ಓಡಿಬಂದರಂತೆ. ಅದೇ ಪಾಳಿಯಲ್ಲಿದ್ದ ಮಾವ ಮಾತ್ರ ಮೂರು ದಿನವಾದರೂ ತಲೆ ಹಾಕಲಿಲ್ಲ. ನಾನೋ, ರೋಹಿಣಿ ನಕ್ಷತ್ರದವನು. ರೋಹಿಣಿಯಲ್ಲಿ ಹುಟ್ಟಿದ ಗಂಡುಮಗು ಸೋದರಮಾವನಿಗೆ ಆಗದು ಎಂದು ನಮ್ಮ ಕಡೆ ನಂಬಿಕೆ. ಮಾವನಾದವನು ಬಂದು ಮೊದಲು ಬಟ್ಟಲೆಣ್ಣೆಯಲ್ಲಿ ಮಗುವಿನ ಮುಖ ನೋಡಬೇಕು, ಆಗ ದೋಷ ಕಳೆಯುತ್ತದೆ. ಎಣ್ಣೆ ಬಟ್ಟಲು ಮೂರು ದಿನ ಕಾದಿತಂತೆ. ನಾಲ್ಕನೇ ದಿನ ಬಂದ ಮಾವನನ್ನು ಅಮ್ಮ “ಯಾಕ್ಲಾ ಬರ್ಲಿಲ್ಲ?” ಎಂದು ಕೇಳಿದರೆ, “ಕೆಲ್ಸ ಇತ್ತಕ್ಕ.” ಅಷ್ಟೇ! ಇಷ್ಟಾದರೂ ಮಾವನಿಗೆ ಏನೂ ಆಗಲಿಲ್ಲವಲ್ಲ, ಗಟ್ಟಿಮುಟ್ಟಾಗಿಯೇ ಇದ್ದರಲ್ಲ. ಹಾಗಾಗಿ ನನ್ನ ನಕ್ಷತ್ರದ ಮಾತು ಅಲ್ಲೇ ಸತ್ತಿತು. ಅಮ್ಮನ ಕೋಪ ಸಾಯಲಿಲ್ಲ. “ಒಡಹುಟ್ಟಿದೋಳ ಮೊದಲ್ನೇ ಮಗೀನ ನೋಡಕ್ಕೆ ಬಿಡುವಿಲ್ದೋನು” ಎಂದು ಕೊನೆಯವರೆಗೂ ಅನ್ನುತ್ತಿದ್ದಳು. ಮಾವ ತಲೆ ತಗ್ಗಿಸಿ ಅನ್ನಿಸಿಕೊಳ್ಳುತ್ತಿದ್ದರು.

ಇಂಥವರು ಗಣಿತದ ಮೇಷ್ಟ್ರಾದದ್ದು ಹೇಗೆ?

ನನ್ನ ಮಗಳು ಸಿಂಧು ಹತ್ತನೇ ತರಗತಿಯಲ್ಲಿ ಗಣಿತ ಒಂದರಲ್ಲಿ ಫೇಲಾದಳು. ಪೂರಕ ಪರೀಕ್ಷೆಗೆ ಐದೇ ವಾರ. ಪಾಸಾದರೆ ಪಿಯುಸಿ, ಆಮೇಲೆ ಲ್ಯಾಬ್ ಟೆಕ್ನೀಷಿಯನ್ ಆಗಬೇಕೆಂಬುದು ಅವಳ ಆಸೆ. ಡೇರಿಯಲ್ಲಿ ನನ್ನ ಗಾಜಿನ ಕೊಳವೆಗಳನ್ನು ನೋಡಿ ಹಿಡಿದ ಹುಚ್ಚು ಅದು. ಪಾಸಾಗದಿದ್ದರೆ ಬಂಗಾರಪೇಟೆಯ ನಮ್ಮ ಬೀದಿ ತುದಿಗೆ ಬೆಳಿಗ್ಗೆ ಆರಕ್ಕೆ ಬರುವ ಬಟ್ಟೆ ಕಾರ್ಖಾನೆಯ ಬಸ್ಸು. ಅವಳ ಕ್ಲಾಸಿನ ಇಬ್ಬರು ಆಗಲೇ ಅದನ್ನು ಹತ್ತಿದ್ದರು. ಹೆಂಡತಿ ಹೇಳಿಯೇಬಿಟ್ಟಿದ್ದಳು: “ಈ ಸಲ ಆಗ್ಲಿಲ್ಲ ಅಂದ್ರೆ ಬಸ್ಸೇ ಗತಿ. ಆಮೇಲೆ ಅಪ್ಪ ಮಗಳು ಕೂತ್ಕೊಂಡು ಅಳ್ಬೇಡಿ.”

ಅವಳಿಗೆ ತೊಡಕಾದದ್ದು ವರ್ಗ ಸಮೀಕರಣ. ಅಪವರ್ತಿಸು, ಮೂಲ ಕಂಡುಹಿಡಿ. ನಾನು ಹೇಳಿಕೊಡಲು ಕೂತೆ. ಎರಡು ಸಂಖ್ಯೆ ಬೇಕು, ಗುಣಿಸಿದರೆ ಹನ್ನೆರಡು, ಕೂಡಿದರೆ ಏಳು. ಆರು ಎರಡಲ ಹನ್ನೆರಡು, ಕೂಡಿದರೆ ಎಂಟಾಯಿತು. ಹನ್ನೆರಡು ಒಂದಲ, ಕೂಡಿದರೆ ಹದಿಮೂರಾಯಿತು. “ಪುಸ್ತಕದಲ್ಲೇ ತಪ್ಪಿರ್ಬೇಕು ಕಣೆ” ಎಂದೆ. “ಅಪ್ಪಾ, ನೀನು ಡೇರಿಗೆ ಹೋಗು” ಎಂದಳು.

ಅದೇ ಹೊತ್ತಿಗೆ ಮಾವ ಸೀಬೆಹಣ್ಣಿನ ಚೀಲ ಹಿಡಿದು ಬಂದರು. ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರು. x² − 7x + 12 = 0. ಬಹಳ ಹೊತ್ತು ನೋಡಿ, ಪಿಸುಮಾತಿನಲ್ಲಿ ಹೇಳಿದರು: “ಇದ್ರಾಗೆ ಇಬ್ರು ಕೆಳಗವ್ರೆ.”

ಸಿಂಧು ನನ್ನ ಮುಖ ನೋಡಿದಳು. ನಾನು ಸೀಬೆಹಣ್ಣು ನೋಡಿದೆ.

“ಇಬ್ರೂ ಸೇರಿದ್ರೆ ಏಳು, ಒಬ್ಬನ್ನ ಇನ್ನೊಬ್ಬ ಗುಣಿಸಿದ್ರೆ ಅನ್ನೆರಡು. ಯಾರ್ಯಾರು ಅವ್ರು, ಕಣ್ಣು?” ಎಂದರು ಮಾವ. ಮಕ್ಕಳನ್ನು ತಮಿಳರಂತೆ ಕಣ್ಣು ಎಂದು ಕರೆಯುವುದು ಅವರಿಗೆ ಅಂಟಿದ ರೂಢಿ.

“ಮೂರು... ನಾಲ್ಕು?” ಎಂದಳು ಸಿಂಧು.

“ಆ! ಮ್ಯಾಲಕ್ಕೆ ಬಂದ್ರು ನೋಡು!” ಎಂದು ಮಾವ ನಿಜವಾಗಿ ಯಾರೋ ಬಂದ ಹಾಗೆ ಬಾಗಿಲ ಕಡೆ ಮುಖ ತಿರುಗಿಸಿದರು. ನಾವೂ ತಿರುಗಿಸಿದೆವು. ಯಾಕೆ ತಿರುಗಿಸಿದೆವು, ಹೇಳಿ?

ಮುಂದಿನ ಭಾನುವಾರದಿಂದ ನಾನು, ಸಿಂಧು ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿಯತೊಡಗಿದೆವು. ಮಾವನ ನಡುಮನೆಯಲ್ಲಿ ಒಂದು ಹಲಗೆ, ಮೂವತ್ತು ಮೊಳೆ, ಮೂವತ್ತು ಬಿಲ್ಲೆ. ಕೆಲಸ ಬಿಟ್ಟಾಗ ಗುಜರಿಗೆ ಹೋಗುತ್ತಿದ್ದದ್ದನ್ನು ಹೊತ್ತು ತಂದದ್ದು. ಅದೇ ಕರಿಹಲಗೆ, ಅದೇ ಸ್ಲೇಟು. ಪಾಠ ಶುರುವಾಗುವ ಮೊದಲು ಮಾವ ಒಂದು ಸ್ಪ್ಯಾನರ್ ತೆಗೆದುಕೊಂಡು ಗೋಡೆಗೆ ಅಂಟಿದ ಹಳೇ ನೀರಿನ ಪೈಪಿಗೆ ಮೂರು ಸಲ ಹೊಡೆಯುತ್ತಿದ್ದರು. ಠಣ್, ಠಣ್, ಠಣ್. ನಡುಮನೆಯಿಂದ ಅಡುಗೆಮನೆ ಹಾದು ನೆಲದೊಳಕ್ಕೆ ಇಳಿದುಹೋಗುವ ಪೈಪು. ಅದರಲ್ಲಿ ನೀರು ನಿಂತು ಯಾವ ಕಾಲವಾಯಿತೋ.

“ಅದ್ಯಾಕೆ ತಾತ?”

“ಕೆಳಗಿರೋರು ಮೂರು ಒಡೆದ್ರೆ, ಇಲ್ಲಿ ಮನುಷ್ರು ಇದೀವಿ ಅಂತ. ಮ್ಯಾಲಿರೋರು ತಿರುಗ್ಸಿ ಅದೇ ಮೂರು ಒಡೀಬೇಕು, ಕೇಳಿಸ್ತು ಅಂತ. ಆಮೇಲೇ ಕೇಜು ಎತ್ತಾದು.” ಕೇಜು ಎಂದರೆ ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರ.

“ಈಗ ತಿರುಗಿ ಯಾರು ಹೊಡೀತಾರೆ?”

ಮಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. “ನೋಡಾಣ” ಎಂದರು.

ಪಾಠವೇನೋ ಅದ್ಭುತ! ಒಂದು ಸಮೀಕರಣ ಎಂದರೆ ಒಂದು ಶಾಫ್ಟು, ಗಣಿಗೆ ಇಳಿಯುವ ಬಾವಿ. ಬರೆದ ಕೂಡಲೇ ಇಬ್ಬರು ಇಳಿದರು ಎಂದು ಅರ್ಥ. ಕೊನೆಯ ಸಂಖ್ಯೆ ಅವರ ಗುಣಲಬ್ಧ, ನಡುವಿನದು ಮೊತ್ತ, ಚಿಹ್ನೆ ನೋಡಿಕೊಂಡು. ಸಿಂಧು ಆ ಇಬ್ಬರು ಯಾರೆಂದು ಪತ್ತೆ ಹಚ್ಚಿ ಅವರ ಬಿಲ್ಲೆಗಳನ್ನು ಮೊಳೆಗೆ ಹಾಕಬೇಕು. ಪ್ಲಸ್ ಆದರೆ ನಂಬರ್ ಮುಂದೆ, ಮೈನಸ್ ಆದರೆ ಬಿಲ್ಲೆಯ ಬೆನ್ನು ಮುಂದೆ. ಹಾಕುವ ಮೊದಲು ಸಮೀಕರಣದಲ್ಲಿ x ಇದ್ದ ಕಡೆ ಆ ಸಂಖ್ಯೆಯನ್ನಿಟ್ಟು ಸೊನ್ನೆ ಬರುತ್ತದೆಯೇ ನೋಡಬೇಕು. ಅದು ಮೂತಿ ತೋರಿಸುವುದು. ಶಾಲೆಯಲ್ಲಿ ಒಂದು ವರ್ಷದಲ್ಲಿ ತಲೆಗೆ ಹತ್ತದೇ ಇದ್ದದ್ದು ಎರಡು ಭಾನುವಾರದಲ್ಲಿ ಹತ್ತಿತು. ಸಿಂಧು ನಡುವಿನ ಪದವನ್ನು ಸೌದೆ ಸೀಳಿದ ಹಾಗೆ ಸೀಳತೊಡಗಿದಳು. ನನಗೆ ಬಸ್ಸಿನ ಚಿಂತೆ ಬಿಟ್ಟುಹೋಯಿತು. ಬೇರೆ ಚಿಂತೆ ಹಿಡಿಯಿತು.

ಎರಡನೇ ಭಾನುವಾರ ಪಾಠ ಮುಗಿದು ಬಿಲ್ಲೆಗಳೆಲ್ಲ ಮೊಳೆಗೆ ಮರಳಿದ್ದವು. ಮಟಮಟ ಮಧ್ಯಾಹ್ನ, ಗಾಳಿ ಇಲ್ಲ, ಫ್ಯಾನಿಲ್ಲ. ಹಲಗೆಯ ಮೇಲೆ ಒಂದು ಬಿಲ್ಲೆ ಅಲ್ಲಾಡುತ್ತಿತ್ತು. ಒಂದೇ. ಉಳಿದ ಇಪ್ಪತ್ತೊಂಬತ್ತು ಗೋಡೆಗೆ ಬರೆದ ಹಾಗೆ ನಿಂತಿದ್ದವು.

“ಮಾವ, ಅದು...”

“ಕೆಳಗೆಲ್ಲ ನೀರು ತುಂಬ್ಕೊಂಡೈತೆ ಕಣ್ಲಾ. ಆಗಾಗ ಕಲ್ಲು ಸರೀತದೆ” ಎಂದರು. ಒಪ್ಪಿದೆ. ಗಣಿ ಊರಿನಲ್ಲಿ ನೆಲ ನಡುಗುವುದು ಹೊಸದಲ್ಲ. ಆದರೆ ನೆಲ ನಡುಗಿದರೆ ಮೂವತ್ತಕ್ಕೂ ನಡುಗಬೇಕಲ್ಲವೇ?

ಮೂರನೇ ಭಾನುವಾರ x² − 6x + 9 = 0 ಬಂತು. ಸಿಂಧು ಸರಸರ ಸೀಳಿ ಮೂರನೇ ನಂಬರ್ ಬಿಲ್ಲೆ ತಂದಳು. “ಎರಡೂ ಮೂಲ ಒಂದೇ ತಾತ. ಮೂರು, ಮೂರು. ಒಂದೇ ಬಿಲ್ಲೆ ಎರಡು ಸಲ ತೋರಿಸ್ತೀನಿ.”

ಮಾವನ ಮುಖ ಸೈನೈಡ್ ದಿಬ್ಬದ ಬಣ್ಣಕ್ಕೆ ತಿರುಗಿತು.

“ಒಬ್ನೇ ಬಂದು ಇಬ್ರ ಲೆಕ್ಕ ಕೊಡಾದಾ? ಇನ್ನೊಬ್ಬ ಎಲ್ಲಿ?”

“ಇನ್ನೊಬ್ಬ ಇಲ್ಲ ತಾತ, ಅವನೇ ಇವನು. ಸಮ ಮೂಲಗಳು ಅಂತಾರೆ.”

“ಇಲ್ಲ ಅಂತ ಯಾರು ಏಳಿದ್ದು? ನೋಡ್ಕೊಂಡ್ ಬಂದವ್ರಾ?” ಎಂದವರೇ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಉರಿಬಿಸಿಲಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಸೂರಿಲ್ಲದ ಮನೆಯೊಳಗೂ ಇಣುಕಿ, ವಾಪಸ್ ಬಂದರು. ಒಂದು ಸಂಖ್ಯೆಯನ್ನು ಹುಡುಕಲು ಚಪ್ಪಲಿ ಹಾಕಿಕೊಂಡು ಹೋದ ಮತ್ತೊಬ್ಬ ಮನುಷ್ಯ ಈ ಭೂಮಿಯ ಮೇಲಿದ್ದರೆ ನನಗೆ ತೋರಿಸಿ!

ಇನ್ನು ಮೈನಸ್ ಎಂಟು. ಅದೇ ದಿನದ ಲೆಕ್ಕ ಹೀಗಿತ್ತು: ಒಂದು ಆಯತಾಕಾರದ ಹೊಲದ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು ಚದರ ಮೀಟರ್, ಅಗಲವೆಷ್ಟು? ನಲವತ್ತು ಚದರ ಮೀಟರಿನ ಹೊಲ! ನಮ್ಮ ಕಡೆ ಅಷ್ಟರಲ್ಲಿ ಹಸು ಕಟ್ಟುತ್ತಾರೆ. ಇರಲಿ. x² + 3x − 40 = 0. ಸೀಳಿದರೆ x ಐದು, ಇಲ್ಲವೇ ಮೈನಸ್ ಎಂಟು. ಸಿಂಧು ಐದರ ಬಿಲ್ಲೆ ಹಾಕಿ, ಪುಸ್ತಕದಲ್ಲಿದ್ದಂತೆ ಬರೆದಳು: “ಅಗಲ ಋಣಾತ್ಮಕವಾಗಿರಲು ಸಾಧ್ಯವಿಲ್ಲ. ಆದ್ದರಿಂದ x = −8 ಅನ್ನು ತಿರಸ್ಕರಿಸಿದೆ.”

“ಏನದು, ತಿರಸ್ಕರ್ಸಿದೆ ಅಂದ್ರೆ?”

“ಬಿಟ್ಟುಬಿಡೋದು ತಾತ.”

“ಎಲ್ಲಿ ಬುಟ್ಟುಬುಡಾದು?”

ಸಿಂಧು ಪೆನ್ನು ಕಚ್ಚಿದಳು. ನಾನು ನಡುವೆ ಬಾಯಿ ಹಾಕಿದೆ. “ಮಾವ, ಪುಸ್ತಕದಲ್ಲೇ ಹಾಗಿದೆ. ಹೊಲದ ಅಗಲ ಮೈನಸ್ ಇರತ್ತಾ?”

“ಪುಸ್ತಕ ಬರ್ದೋನು ಯಾವತ್ತಾನ ಕೆಳಗಿಳಿದಿದ್ನಾ?”

“ಅವನು ಬೇಡದ ಉತ್ತರ, ಮಾವ.”

“ಬ್ಯಾಡ್ದೋನು ಅಂದ್ಮೇಲೆ ಇಳ್ಸಿದ್ ಯಾಕ್ಲಾ? ಇಳಿಯೋವಾಗ ಇಬ್ರು, ಎತ್ತಾವಾಗ ಒಬ್ನಾ? ಮೂತಿ ತೋರ್ಸು ಅಂದ್ರೆ ಸೊನ್ನೆ ಬಂತಾ ಇಲ್ವಾ ಅವನ್ದೂ?”

ಬಂದಿತ್ತು. ಅರವತ್ತನಾಲ್ಕು, ಕಳೆ ಇಪ್ಪತ್ತನಾಲ್ಕು, ಕಳೆ ನಲವತ್ತು. ಸೊನ್ನೆ. ಮೈನಸ್ ಎಂಟು ತನ್ನ ಮೂತಿ ಸರಿಯಾಗಿ ತೋರಿಸಿತ್ತು. ಮಾವ ಎಂಟರ ಬಿಲ್ಲೆಯನ್ನು ತಾವೇ ಎತ್ತಿ, ಬೆನ್ನು ಮುಂದೆ ಮಾಡಿ, ಮೊಳೆಗೆ ಹಾಕಿದರು. ಆಮೇಲೆ ಒಳಗೆ ಹೋಗಿ ಮೂವರಿಗೆ ನಾಲ್ಕು ಲೋಟ ಕಾಫಿ ತಂದರು. “ಕೆಳಗಿಂದ ಬಂದೋನ್ಗೆ ಮೊದ್ಲು ಬಿಸಿಯಾಗಿ ಏನಾನ ಕೊಡ್ಬೇಕು” ಎಂದು ನಾಲ್ಕನೆಯದನ್ನು ಹಲಗೆಯ ಕೆಳಗೆ ಇಟ್ಟು ತಟ್ಟೆ ಮುಚ್ಚಿದರು. ಮುಂದಿನದನ್ನು ಹೇಳಿದ್ದೇನೆ.

ಖಾಲಿ ಲೋಟಕ್ಕಿಂತ ನನಗೆ ಹೆದರಿಕೆಯಾದದ್ದು ಮನೆಗೆ ಬಂದ ಮೇಲೆ. ಸಿಂಧು ಸ್ವಂತ ಅಭ್ಯಾಸದಲ್ಲಿ ಹೊಲದ ಲೆಕ್ಕ ಮಾಡುತ್ತಾಳೆ, ತಿರಸ್ಕರಿಸುವ ಸಾಲಿಗೆ ಬಂದು ಪೆನ್ನು ನಿಲ್ಲಿಸುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. “ಬರಿ” ಎಂದರೆ “ಪಾಪ ಅಪ್ಪ” ಎನ್ನುತ್ತಾಳೆ! ಆ ಸಾಲು ಇಲ್ಲದಿದ್ದರೆ ಅಂಕ ಕಳೆಯುತ್ತಾರೆ. ಅವಳಿಗೆ ಒಂದೊಂದು ಅಂಕವೂ ಬೇಕು. ಬಸ್ಸು ದಿನಾ ಆರಕ್ಕೆ ಬರುತ್ತಿತ್ತು. ಹೆಂಡತಿ ಬಾಯಿಬಿಟ್ಟು ಹೇಳಿದಳು: “ರೀ, ನಿಮ್ಮ ಮಾವ ಮಗೂನ ಪಾಸು ಮಾಡ್ಸಲ್ಲ, ಮಂತ್ರವಾದಿ ಹತ್ರ ಕರ್ಕೊಂಡ್ ಹೋಗೋ ಹಾಗೆ ಮಾಡ್ತಾರೆ.”

ನಾಲ್ಕನೇ ಭಾನುವಾರ ನಾವು ಹೋಗಲಿಲ್ಲ. ಮನೆಯಲ್ಲೇ ಕೂತ ಸಿಂಧುವಿಗೆ ಒಂದು ಲೆಕ್ಕವೂ ಬರಲಿಲ್ಲ. ಆರು ಎರಡಲ ಹನ್ನೆರಡಕ್ಕೆ ವಾಪಸ್ ಬಂದು ನಿಂತಿದ್ದಳು. “ಬಿಲ್ಲೆ ಇಲ್ದೆ ಯಾರೂ ಮೇಲೆ ಬರಲ್ಲ ಅಪ್ಪ” ಎಂದು ಅತ್ತಳು. ಪರೀಕ್ಷೆಗೆ ಇನ್ನೊಂದೇ ವಾರವಿತ್ತು. ಕೊನೆಯ ಭಾನುವಾರ ಮತ್ತೆ ರೈಲು ಹತ್ತಿದೆವು. ಮಾವನಿಗೆ ಒಂದೇ ಷರತ್ತು ಹಾಕಿದೆ: ಮೈನಸ್ಸಿನ ಬಗ್ಗೆ ತುಟಿ ಪಿಟಕ್ ಎನ್ನಬಾರದು.

“ಆಗ್ಲಿ ಕಣ್ಲಾ” ಎಂದರು. ಇಡೀ ಬೆಳಿಗ್ಗೆ ಬಾಯಿ ಹೊಲಿದುಕೊಂಡು ಕೂತರು. ಸಿಂಧು ತಿರಸ್ಕರಿಸಿದಾಗಲೆಲ್ಲ ಅವರ ಕಣ್ಣು ಮಾತ್ರ ಪೈಪಿನ ಕಡೆ ಹೋಗುತ್ತಿತ್ತು. ಪಾಠ ಮುಗಿದ ಮೇಲೆ “ಬಾ ಕಣ್ಣು, ಶಾಫ್ಟು ತೋರಿಸ್ತೀನಿ” ಎಂದರು. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ.

ಸುಡು ಮಧ್ಯಾಹ್ನ. ತುಕ್ಕು ಹಿಡಿದ ಎತ್ತರದ ಕಬ್ಬಿಣದ ಚೌಕಟ್ಟು, ಅದರ ಕೆಳಗೆ ಬಾಯಿ ಮುಚ್ಚಿದ ಶಾಫ್ಟು, ಸುತ್ತ ಬೇಲಿ. ದಿಬ್ಬದಿಂದ ಬಿಳೀ ಧೂಳು ಬಂದು ನಮ್ಮ ಹುಬ್ಬಿನ ಮೇಲೆ ಕೂರುತ್ತಿತ್ತು. ಮೂವರೂ ಒಂದೇ ವಯಸ್ಸಿನವರಂತೆ ಕಾಣುತ್ತಿದ್ದೆವು. ಮಾವ ಬೇಲಿಯಿಂದ ಮೂರು ಹೆಜ್ಜೆ ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಕೈ ಬೆನ್ನ ಹಿಂದಿತ್ತು, ಇದನ್ನು ಮೂರು ಸಲ ಲ್ಯಾಕ್ಟೋಮೀಟರ್ ಹಾಕಿ ನೋಡಿದ್ದೇನೆ.

ಆಗ ಕೇಳಿಸಿತು. ಠಣ್, ಠಣ್, ಠಣ್.

ಕಾಲ ಕೆಳಗಿನಿಂದ. ಬಹಳ ಆಳದಿಂದ. ಸಿಂಧು ಇವತ್ತಿಗೂ ಅದು ಪಕ್ಕದ ಶೆಡ್ಡಿನ ಸಡಿಲ ತಗಡು ಎನ್ನುತ್ತಾಳೆ. ಇರಬಹುದು. ಆದರೆ ತಗಡು ಮೂರೇ ಸಲ ಹೊಡೆದು ನಿಲ್ಲುತ್ತದೆಯೇ? ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಮೂರೇ ಸಲ ಹೊಡೆಯುತ್ತದೆಯೇ?

ಮಾವ ನನ್ನ ಕಡೆ ತಿರುಗಿದರು. “ಕೇಳಿಸ್ತಾ?”

“ಇಲ್ಲ ಮಾವ” ಎಂದೆ.

ಯಾಕೆ ಸುಳ್ಳು ಹೇಳಿದೆನೋ. ಮಗಳು ಜೊತೆಗಿದ್ದಳು, ಪರೀಕ್ಷೆ ಹತ್ತಿರವಿತ್ತು, ನಾಲಗೆ ಒಣಗಿತ್ತು. ಮಾವ ತಲೆಯಾಡಿಸಿದರು. “ಸರಿ ಬುಡು. ಅವತ್ತೂ ಯಾರ್ಗೂ ಕೇಳಿಸ್ಲಿಲ್ಲ.”

ನಾನು ನೀರಿನ ಬಾಟಲಿ ತರುತ್ತೇನೆಂದು ರಸ್ತೆಯ ಅಂಗಡಿಗೆ ಹೋದೆ. ಓಡಿದೆ ಎಂದರೂ ನಡೆದೀತು. ವಾಪಸ್ ಬರುವಷ್ಟರಲ್ಲಿ ತಾತ, ಮೊಮ್ಮಗಳು ಕಲ್ಲಿನ ಮೇಲೆ ಕೂತು ಏನೋ ಮಾತಾಡುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿದರು.

ಪರೀಕ್ಷೆಯ ದಿನ ನಾನು ಡೇರಿಗೆ ರಜೆ ಹಾಕಿ ಶಾಲೆಯ ಗೇಟಿನ ಮುಂದೆ ನಿಂತಿದ್ದೆ. ಸಿಂಧು ಬಂದಳು.

“ಹೊಲದ ಲೆಕ್ಕ ಬಂದಿತ್ತು ಅಪ್ಪ. ಉದ್ದ ನಾಲ್ಕು ಜಾಸ್ತಿ, ವಿಸ್ತೀರ್ಣ ತೊಂಬತ್ತಾರು. ಎಂಟು, ಮೈನಸ್ ಹನ್ನೆರಡು.”

“ಮೈನಸ್ ಹನ್ನೆರಡನ್ನ ತಿರಸ್ಕರಿಸಿದೆ ತಾನೆ?”

ಪೆನ್ನಿನ ಮುಚ್ಚಳ ತಿರುಗಿಸಿದಳು. ನನ್ನ ಕಣ್ಣ ಮುಂದೆ ಬಸ್ಸಿನ ಬಾಗಿಲು ತೆರೆದುಕೊಂಡಿತು.

“ಕೈ ಬರಲಿಲ್ಲ ಅಪ್ಪ. ‘ಮೈನಸ್ ಹನ್ನೆರಡು ಕೂಡ ಈ ಸಮೀಕರಣದ ಮೂಲವೇ. ಆದರೆ ಅಗಲ ಋಣಾತ್ಮಕವಾಗಿರಲಾರದ ಕಾರಣ, ಹೊಲದ ಅಗಲ ಎಂಟು ಮೀಟರ್’ ಅಂತ ಬರೆದೆ. ಇಬ್ಬರನ್ನೂ ಮೇಲೆ ತಂದೆ. ಆಮೇಲೆ ಒಬ್ಬನನ್ನ ಹೊಲಕ್ಕೆ ಕಳಿಸಿದೆ.”

ಅಂಕ ಕೊಡುತ್ತಾರೋ ಇಲ್ಲವೋ! ಸಿಟ್ಟು ಬಂತು. “ಯಾರೋ ಹೇಳಿದ್ರು ಅಂತ ಪರೀಕ್ಷೇಲಿ...”

“ಯಾರೋ ಅಲ್ಲ ಅಪ್ಪ. ತಾತನೇ ಒಂದ್ಸಲ ಕೆಳಗೆ ಉಳ್ಕೊಂಡಿದ್ರಂತೆ.”

ನಾನು ನಿಂತೆ. ಅವಳು ಹೇಳಿದ್ದನ್ನು ಹೇಳಿದಷ್ಟೇ ಬರೆಯುತ್ತೇನೆ, ನೀರು ಬೆರೆಸದೆ. ತಾತ ಆಗ ಕೌಂಟರಿನಲ್ಲಿರಲಿಲ್ಲ, ಕೆಳಗೆ ಕಲ್ಲು ಒಡೆಯುತ್ತಿದ್ದರು. ಪಾಳಿ ಮುಗಿಯುವ ಹೊತ್ತಿಗೆ ಜೊತೆಗಾರನಿಗೆ ಅವಸರವಿತ್ತು. ತಾತ ಹತಾರ ಎತ್ತಿಡುವುದು ಬಾಕಿ ಇತ್ತು. “ನಿನ್ನ ಬಿಲ್ಲೆನೂ ಕೊಡು, ಮೇಲೆ ಕ್ಯೂ ಇರ್ತದೆ, ಎರಡೂ ನಾನೇ ಕೊಟ್ಟಿರ್ತೀನಿ, ನೀನು ಮುಂದಿನ ಕೇಜಿಗೆ ಬಾ” ಎಂದು ಜೊತೆಗಾರ ಮೇಲೆ ಹೋದ. ಎಲ್ಲರೂ ಹಾಗೆ ಮಾಡುತ್ತಿದ್ದರು, ಅದೊಂದು ಉಪಕಾರ. ಮುಂದಿನ ಕೇಜು ಬರುವ ಮೊದಲೇ ಕಲ್ಲು ಕುಸಿದು ದಾರಿ ಮುಚ್ಚಿತು. ಮೇಲೆ ಹಲಗೆ ತುಂಬಿತ್ತು. ಲೆಕ್ಕ ಸರಿಯಾಗಿತ್ತು. ಯಾರೂ ಹುಡುಕಲಿಲ್ಲ. ತಾತ ಪೈಪಿಗೆ ಮೂರು, ಮೂರು, ಮೂರು ಹೊಡೆಯುತ್ತ ಕತ್ತಲಲ್ಲಿ ಕೂತರು. ರಜೆ ಮುಗಿಸಿ ಬಂದ ಜೊತೆಗಾರ “ಅವನೆಲ್ಲಿ?” ಎಂದು ಕೇಳಿದ ಮೇಲೇ ದಾರಿ ಬಿಡಿಸಿದ್ದು. ಮೇಲೆ ಬಂದ ಮೇಲೆ ಕೌಂಟರಿನ ಕೆಲಸ ಕೇಳಿ ಪಡೆದರು. ಅಲ್ಲಿಂದಾಚೆಗೆ ಒಬ್ಬನ ಕೈಯಿಂದ ಎರಡು ಬಿಲ್ಲೆ ತೆಗೆದುಕೊಳ್ಳಲಿಲ್ಲ.

“ಎಷ್ಟು ದಿನ ಕೆಳಗಿದ್ರಂತೆ?” ಎಂದೆ.

“ಮೂರು ದಿನ.”

“ಆ ಜೊತೆಗಾರ ಯಾರಂತೆ?”

“ಕೇಳ್ದೆ. ಹೇಳಲಿಲ್ಲ. ‘ಅವನ್ದೇನೂ ತಪ್ಪಿಲ್ಲ ಕಣ್ಣು, ಅವತ್ತು ಅವನ್ಗೆ ಮಗ ಉಟ್ಟಿದ್ದ, ಓಡ್ಬೇಕಾಗಿತ್ತು’ ಅಂದ್ರು. ಮನೇಲಿ ಯಾರ್ಗೂ ಹೇಳಿಲ್ವಂತೆ. ಹೇಳಿದ್ರೆ ಆ ಮಗೂನ ಜನ ಆಡ್ಕೊಳ್ಳೋರಂತೆ, ಅದ್ಕೆ. ಯಾಕಪ್ಪ ಆಡ್ಕೊಳ್ಳೋದು ಮಗೂನ?”

ನನ್ನ ಕಣ್ಣ ಮುಂದೆ ಬಟ್ಟಲೆಣ್ಣೆಯಲ್ಲಿ ಒಂದು ಮುಖ ಅಲ್ಲಾಡುತ್ತಿತ್ತು.

ನನಗೆ ಅನುಮಾನವಿದೆ, ಬಿಟ್ಟುಕೊಡುವುದಿಲ್ಲ. ಗಣಿಯಲ್ಲಿ ಸಾವಿರಾರು ಜನರಿದ್ದರು, ಎಷ್ಟೋ ಜನರಿಗೆ ಮಕ್ಕಳು ಹುಟ್ಟಿದರು, ಮೂರು ದಿನ ಎಂಬುದು ಯಾರ ಬಾಯಲ್ಲೂ ಬರುವ ಮಾತು. ಇಷ್ಟು ಚೆಂದವಾಗಿ ಕೂಡಿಕೊಳ್ಳುವುದನ್ನು ನಂಬಬೇಡಿ ಎಂದು ನಾನೇ ಹೇಳಿದ್ದೇನೆ. ಅಪ್ಪ ಇಲ್ಲ, ಅಮ್ಮ ಇಲ್ಲ. ಮೂತಿ ತೋರಿಸಿ ಎಂದು ಯಾರನ್ನು ಕೇಳಲಿ?

ಫಲಿತಾಂಶ ಬಂತು. ಸಿಂಧು ಪಾಸು! ಎರಡು ಅಂಕದಿಂದ. ಆ ಎರಡು ಅಂಕ ಯಾವ ಲೆಕ್ಕದಿಂದ ಬಂದವು ಎಂದು ನಾನು ಕೇಳಲು ಹೋಗಲಿಲ್ಲ. ಹೆಂಡತಿ ತಾನೇ ಮೈಸೂರ್‌ಪಾಕ್ ಕಟ್ಟಿಕೊಟ್ಟಳು. ಮಧ್ಯಾಹ್ನದ ರೈಲಿಗೆ ನಾನು, ಸಿಂಧು ಚಾಂಪಿಯನ್‌ನಲ್ಲಿ ಇಳಿದೆವು.

ಮಾವ ಸುದ್ದಿ ಕೇಳಿ “ಇಬ್ರೂ ಬಂದ್ರಾ?” ಎಂದರು. “ಇಬ್ರೂ ಬಂದ್ರು ತಾತ” ಎಂದಳು ಸಿಂಧು. ಅವರು ಕಾಫಿ ತಂದರು. ಮೂವರಿಗೆ ನಾಲ್ಕು ಲೋಟ. ನಾಲ್ಕನೆಯದನ್ನು ಹಲಗೆಯ ಕೆಳಗಿಟ್ಟು ತಟ್ಟೆ ಮುಚ್ಚಿದರು.

ಕೇಳಿಯೇಬಿಟ್ಟೆ. “ಮಾವ, ನಾನು ಹುಟ್ಟಿದಾಗ ನೀವ್ಯಾಕೆ ಮೂರು ದಿನ ಬರಲಿಲ್ಲ?”

“ಕೆಲ್ಸ ಇತ್ತು ಕಣ್ಲಾ. ನಿಮ್ಮಮ್ಮ ಸಾಯಗಂಟ ಅಂದ್ಳು, ಈಗ ನೀನು ಸುರು ಮಾಡ್ಬ್ಯಾಡ.”

ನನ್ನ ಮುಖ ನೋಡಲಿಲ್ಲ. ಸ್ಪ್ಯಾನರ್ ಎತ್ತಿಕೊಂಡರು. ಅವತ್ತು ಪಾಠವಿರಲಿಲ್ಲ, ಆದರೂ ಪೈಪಿಗೆ ಹೊಡೆದರು. ಠಣ್, ಠಣ್, ಠಣ್. ಎಂದಿನಂತೆ ಕಿವಿಗೊಟ್ಟು ಕೂತರು.

ಇಷ್ಟು ದಿನ ಅದು ಮಾವ ಕೆಳಗಿನವರನ್ನು ಕರೆಯುವುದು ಎಂದುಕೊಂಡಿದ್ದೆ. ಮೂರು ಹೊಡೆಯುವವರು ಕೆಳಗಿನವರು ಎಂದು ಅವರೇ ಮೊದಲ ದಿನ ಹೇಳಿರಲಿಲ್ಲವೇ? ಹಾಗಾದರೆ ಇಷ್ಟು ವರ್ಷ ಕೆಳಗಿದ್ದವರು ಮಾವ, ಮೇಲಿನಿಂದ ತಿರುಗಿ ಹೊಡೆಯುವವರು ಯಾರೂ ಇರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋದೆ. ಅದೇ ಪೈಪು ಅಲ್ಲಿ ಒಲೆಯ ಪಕ್ಕ ನೆಲದೊಳಕ್ಕೆ ಇಳಿಯುತ್ತದೆ. ಕೈಗೆ ಸಿಕ್ಕಿದ್ದು ಸಾರಿನ ಸೌಟು. ನೆಲ ನಡುಗುತ್ತಿತ್ತೇನೋ. ಮೂರು ಸಲ ಹೊಡೆದೆ.

ನಡುಮನೆಯಲ್ಲಿ ಮೂವತ್ತು ಬಿಲ್ಲೆಗಳೂ ಒಟ್ಟಿಗೆ ಗಲಗಲ ಎಂದವು. ಆಮೇಲೆ ಲೋಟದ ಮೇಲಿನ ತಟ್ಟೆ ಸರಿದ ಸಪ್ಪಳ, ಯಾರೋ ಒಂದು ಗುಟುಕು ಬಿಸಿ ಕಾಫಿ ಕುಡಿದ ಸಪ್ಪಳ. ಆಮೇಲೆ ಮಾವನ ದನಿ, ಗದರಿಸುವ ದನಿ:

“ಇಷ್ಟೊತ್ತು ಎಲ್ಲೋಗಿದ್ದೆಲಾ?”